ಗಂಟಲಿನ ಬಳುಕು

ಯೊಕೊಹಾಮಾ ನಿಲ್ದಾಣದಲ್ಲಿ ಬೆಳಗಿನ ರೈಲಿಗೆ ಸಾಲಾಗಿ ನಿಂತಿದ್ದೆವು. ನನ್ನ ಮುಂದೆಯೇ ಗಾಯಕಿ ಚಿಜುರು, ಅವಳ ಮ್ಯಾನೇಜರ್ ಕುರಾಮೋಚಿ. ಮಾತು ತೆಗೆದದ್ದು ಅವನೇ.

“ಹಾಡು ಇನ್ನೊಂದ್ಸಲ ರೆಕಾರ್ಡ್ ಮಾಡ್ಬೇಕಂತೆ. ಅಮೆರಿಕದ ಸೋಲ್ ಸಂಗೀತದಲ್ಲಿ ನಿಮ್ಮಜ್ಜಿ ಮೀನಿನ ಬಲೆ ಎಳೀತಿದ್ದಾರೆ ಅಂತ ಆಫೀಸಲ್ಲಿ ನಗ್ತಿದ್ದಾರೆ.”

“ಎಳೀಲಿ ಬಿಡಿ. ಬಲೆ ಎಳೆಯೋವಾಗ ಅಜ್ಜಿ ಹಾಡ್ತಿದ್ದ ಹಾಡಿಂದಾನೇ ನಂಗೆ ಹಾಡೋಕೆ ಬಂದಿದ್ದು.”

“ಗಂಟಲಲ್ಲಿ ದನಿ ಬಳುಕಿಸ್ತೀಯಲ್ಲ, ಆ ಬಳುಕು ತೆಗಿ. ಅಮೆರಿಕದ ರೆಕಾರ್ಡ್ ಥರಾನೇ ಹಾಡು.”

“ಯೊಕೊಸುಕಾ ನೌಕಾನೆಲೆ ಹತ್ರದ ಬಾರಲ್ಲಿ ಅಮೆರಿಕದವರ ಮುಂದೇನೇ ಹಾಡಿದ್ದೀನಿ, ಕುರಾಮೋಚಿ-ಸಾನ್. ಆ ಬಳುಕು ಕೇಳಿ ಒಬ್ಬ ನಾವಿಕ ಅತ್ತೇಬಿಟ್ಟ. ಅವರಮ್ಮ ಚರ್ಚಲ್ಲಿ ಹೀಗೇ ಹಾಡ್ತಿದ್ರಂತೆ.”

“ಒಬ್ಬ ಅತ್ರೆ ರೆಕಾರ್ಡ್ ಮಾರಾಟ ಆಗಲ್ಲಮ್ಮ.”

“ಹಾಗಿದ್ರೆ ನನ್ನ ಬಿಟ್ಬಿಡಿ.”

“ಹೋಗು, ಯಾರು ಬೇಡ ಅಂದ್ರು? ಚಿಜುರು ಅನ್ನೋ ಹೆಸರು ಕಂಪನಿ ಇಟ್ಟಿದ್ದು, ಇಲ್ಲೇ ಇರತ್ತೆ. ಹಾಡುಗಳೂ ಕಂಪನೀವೇ. ಗಂಟಲೊಂದು ನಿಂದು, ತಗೊಂಡು ಹೋಗು.”

“ಅದನ್ನೂ ತಾನೆ ನೀವು ತೆಗಿ ಅಂತಿರೋದು?”

ರೈಲು ಬಂತು. ಇಳಿಯುವವರಿಗೆ ದಾರಿ ಬಿಟ್ಟು ಇಬ್ಬರೂ ಹತ್ತಿದರು. ಬಿಳಿ ಕೈಗವಸಿನ ನಿಲ್ದಾಣದ ಸಿಬ್ಬಂದಿಯೊಬ್ಬ ಬೆನ್ನಿಗೆ ಕೈಕೊಟ್ಟು ಅವಳನ್ನು ಕಿಕ್ಕಿರಿದ ಬೋಗಿಯೊಳಗೆ ಒತ್ತಿದ. ನನಗೆ ಜಾಗ ಉಳಿಯಲಿಲ್ಲ; ಬಾಗಿಲು ಮುಚ್ಚಿತು. ನಮ್ಮ ರೈಲುಗಳಲ್ಲಿ ಯಾರೂ ದನಿ ಎತ್ತುವುದಿಲ್ಲ. ಬಾಗಿಲ ಗಾಜಿಗೆ ಅಂಟಿದ ಅವಳ ಬಾಯಿ ಮಾತ್ರ ಹಾಡುವಂತೆ ಆಡುತ್ತಿತ್ತು. ಗಾಜಿನ ಮೇಲೆ ಉಸಿರಿನ ಮಂಜು ಹರಡುತ್ತ, ಆರುತ್ತ ಹೋಯಿತು.