ಮೂವತ್ತನಾಲ್ಕು ಹುಡುಗಿಯರು ಬಿಟ್ಟುಹೋದ ಪಾರ್ಲರ್

ಇಂದಿನ ಸಭೆಯ ಅಧ್ಯಕ್ಷ ಸ್ಥಾನದಲ್ಲಿರುವ ಶ್ರೀಮತಿ ಫಹ್ಮಿದಾ ಅವರೇ, ತಲೆಯ ಮೇಲೆ ಒಂದು ಕೂದಲೂ ಇಲ್ಲದಿದ್ದರೂ ನಮ್ಮ ಉದ್ಯಮದ ಮೇಲೆ ಅಭಿಮಾನ ಇಟ್ಟುಕೊಂಡು ಬಂದಿರುವ ಮುಖ್ಯ ಅತಿಥಿಗಳಾದ ಶ್ರೀ ಕೆಂಪರಾಜ್ ಅವರೇ, ನಮ್ಮ ಬ್ಯೂಟಿ ಪಾರ್ಲರ್ ಮಾಲೀಕರ ಸಂಘದ ಪದಾಧಿಕಾರಿಗಳೇ, ವಾರಕ್ಕೊಂದೇ ಸಿಗುವ ಮಂಗಳವಾರದ ರಜೆಯನ್ನು ತ್ಯಾಗ ಮಾಡಿರುವ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಅದಾದ ಮೇಲೆ ಕಾರ್ಯದರ್ಶಿಗಳು, "ಕೆಲಸದವರನ್ನು ಉಳಿಸಿಕೊಳ್ಳುವುದು ಹೇಗೆ, ಹತ್ತು ನಿಮಿಷ ಮಾತಾಡಿ ಶಾಂತಕುಮಾರಿಯವರೇ" ಎಂದರು. ಸಭಿಕರೇ, ಜೀವನ್ ಬಿಮಾ ನಗರದಲ್ಲಿ ನಾನು ಪಾರ್ಲರ್ ತೆರೆದು ಈ ಎರಡು ಸಾವಿರದ ಏಳಕ್ಕೆ ಹದಿನೈದು ವರ್ಷ. ಈ ಹದಿನೈದು ವರ್ಷದಲ್ಲಿ ನನ್ನನ್ನು ಬಿಟ್ಟುಹೋದ ಹುಡುಗಿಯರು ಮೂವತ್ತನಾಲ್ಕು. ಅವರಲ್ಲಿ ಒಂಬತ್ತು ಮಂದಿ ಸ್ವಂತ ಪಾರ್ಲರಿನ ಮಾಲೀಕರಾಗಿ ಇದೇ ಸಭಾಂಗಣದಲ್ಲಿ ಕೂತಿದ್ದಾರೆ. ಒಬ್ಬರಂತೂ ಅಧ್ಯಕ್ಷತೆಯನ್ನೇ ವಹಿಸಿದ್ದಾರೆ. ಇಂಥವಳನ್ನು ಈ ವಿಷಯಕ್ಕೆ ಯಾಕೆ ಆರಿಸಿದರು? ಕಾರ್ಯದರ್ಶಿಗಳೂ ಆ ಒಂಬತ್ತರಲ್ಲಿ ಒಬ್ಬರು. ಅವರಿಗೆ ನನ್ನ ಮೇಲೆ ಹಳೆಯ ಸಿಟ್ಟಿರಬೇಕು.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ಪಾರ್ಲರ್ ತೆರೆದಾಗ ನನಗೆ ಕೆಲಸ ಬರುತ್ತಿರಲಿಲ್ಲ. ಮೂರು ತಿಂಗಳ ಕೋರ್ಸ್ ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿದ್ದೆ, ನಿಜ. ಆದರೆ ದಾರ ಹಿಡಿದರೆ ಕೈ ನಡುಗುತ್ತಿತ್ತು. ಮೊದಲ ಗಿರಾಕಿ ಪಕ್ಕದ ಮನೆಯವರು. ಅವರ ಎಡಹುಬ್ಬು ಅರ್ಧ ಹೋಯಿತು. ಒಂದು ತಿಂಗಳು ಪಾಪ ಅವರು ಪೆನ್ಸಿಲಿನಲ್ಲಿ ಬರೆದುಕೊಂಡು ಓಡಾಡಿದರು, ದಿನಕ್ಕೊಂದು ಜಾಗದಲ್ಲಿ. ವಿಮಾನಪುರದ ಕಾರ್ಖಾನೆಯಲ್ಲಿದ್ದ ನನ್ನ ಯಜಮಾನರು ಅಂಜನಮೂರ್ತಿಯವರು ಅದನ್ನು ಕಂಡು, "ನೀನು ಗಲ್ಲಾಪೆಟ್ಟಿಗೆ ಹತ್ರ ಕೂತ್ಕೋ ಶಾಂತ, ಕೆಲಸಕ್ಕೆ ಹುಡುಗೀರ್ನ ಇಟ್ಕೋ" ಎಂದರು.

ಇಟ್ಟುಕೊಂಡೆ. ಒಬ್ಬಳಿಗೆ ಮದುವೆಯಾಯಿತು. ಒಬ್ಬಳು ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಕೂತು ಕೆಲಸ ಮಾಡಬಹುದಂತೆ. ಇನ್ನೊಬ್ಬಳು ತೊಂಬತ್ತಮೂರರಲ್ಲಿ ಊಟಕ್ಕೆ ಹೋದವಳು ಇನ್ನೂ ಬಂದಿಲ್ಲ. ನಾನೊಂದು ಉಪಾಯ ಮಾಡಿದೆ. ಯಾರಿಗೂ ಪೂರ್ತಿ ಕೆಲಸ ಕಲಿಯಲು ಬಿಡಬಾರದು. ಒಬ್ಬಳಿಗೆ ಹುಬ್ಬು ಮಾತ್ರ, ಒಬ್ಬಳಿಗೆ ಫೇಶಿಯಲ್ ಮಾತ್ರ, ಒಬ್ಬಳಿಗೆ ಕತ್ತರಿ ಮಾತ್ರ. ಅರ್ಧ ಕಲಿತವಳು ಅಂಗಡಿ ಹೇಗೆ ಇಡುತ್ತಾಳೆ? ನನ್ನ ಬುದ್ಧಿಗೆ ನಾನೇ ಹೆಮ್ಮೆಪಟ್ಟುಕೊಂಡೆ. ಕತ್ತರಿಯವಳು ಜ್ವರ ಎಂದು ಮಲಗಿದ ದಿನ, ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆಲ್ಲ ಫೇಶಿಯಲ್ ಮಾಡಿ ಕಳಿಸುತ್ತಿದ್ದೆ.

ತೊಂಬತ್ತನಾಲ್ಕರಲ್ಲಿ ಶಿವಾಜಿನಗರದಿಂದ ಫಹ್ಮಿದಾ ಬಂದಳು. ಕ್ಷಮಿಸಬೇಕು, ಅಧ್ಯಕ್ಷರು ಬಂದರು. ಅವರನ್ನು ಟವೆಲ್ ಒಗೆಯಲು ಹಾಕಿದೆ. ಟವೆಲ್ ಮಡಚುತ್ತಾ ಮಡಚುತ್ತಾ ಅವರು ಮೂವರ ಕೆಲಸವನ್ನೂ ನೋಡಿ ಕಲಿತುಬಿಟ್ಟರು. ಎರಡು ವರ್ಷದಲ್ಲಿ ನನ್ನ ಪಾರ್ಲರಿಗೆ ಮದುಮಗಳ ಅಲಂಕಾರಕ್ಕೆ ಹೆಸರು ಬಂತು. ಅಲಂಕಾರವೆಲ್ಲ ಫಹ್ಮಿದಾರದು, ಹೆಸರೆಲ್ಲ ನನ್ನದು. ಗಲ್ಲಾಪೆಟ್ಟಿಗೆಯ ಪಕ್ಕ ಮದುಮಗಳಂದಿರ ಫೋಟೊಗಳ ಆಲ್ಬಮ್ ಇಟ್ಟಿದ್ದೆ. ಪ್ರತಿ ಫೋಟೊದ ಕೆಳಗೂ 'ಅಲಂಕಾರ: ಶಾಂತಕುಮಾರಿ' ಎಂದು ಬರೆದಿದ್ದೆ. ಯಾರಾದರೂ ಕೇಳಿದರೆ, ಅವಳು ನನ್ನ ಹೆಲ್ಪರ್ ಎನ್ನುತ್ತಿದ್ದೆ.

ತೊಂಬತ್ತೊಂಬತ್ತರ ಮದುವೆ ಸೀಸನ್. ಕಗ್ಗದಾಸಪುರದ ಮುನಿವೆಂಕಟಪ್ಪನವರ ಮಗಳು ದಿವ್ಯಳ ಆರತಕ್ಷತೆಗೆ ನಮ್ಮನ್ನು ಕರೆದಿದ್ದರು. ಎರಡು ದಿನ ಮುಂಚೆ ಫಹ್ಮಿದಾ ಆಲ್ಬಮ್ ತಂದು ನನ್ನ ಮುಂದಿಟ್ಟು, "ಮೇಡಂ, ಒಂದ್ ಫೋಟೊ ಕೆಳಗಾದ್ರೂ ನನ್ನ ಹೆಸರು ಹಾಕ್ತೀರಾ?" ಎಂದರು.

ನಾನು ನಕ್ಕೆ. ನಗಬಾರದಿತ್ತು. ಹೆಸರು ಹಾಕಿದರೆ ನಾಳೆ ನನ್ನ ಗಿರಾಕಿಗಳನ್ನೆಲ್ಲ ಎಳೆದುಕೊಂಡು ಹೋಗುತ್ತೀಯ ಎಂದೆ. ಅವರು ಬಾಚಣಿಗೆಯನ್ನು ತೊಳೆದು, ಒರೆಸಿ, ಜಾಗದಲ್ಲಿಟ್ಟು ಹೋದರು. ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನ ಉಳಿದವರೂ ಬರಲಿಲ್ಲ. ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನಲ್ಲಿ ಏಸಿ ಇರುವ ಹೊಸ ಸಲೂನ್ ತೆರೆದಿತ್ತು, ಉಳಿದವರೆಲ್ಲ ಅಲ್ಲಿಗೆ ಸೇರಿದ್ದರು.

ಆರತಕ್ಷತೆಯ ದಿನ ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆ ಹಿಡಿದು ನಾನೊಬ್ಬಳೇ ಛತ್ರಕ್ಕೆ ಹೋದೆ. ಅದೇನು ಮಹಾ ಕಷ್ಟ ಎಂಬ ಧೈರ್ಯ. ಅರ್ಧ ಗಂಟೆಯಲ್ಲಿ ದಿವ್ಯಳ ಮುಖ ಸುಣ್ಣ ಬಳಿದ ಗೋಡೆಯಾಯಿತು. ತುರುಬು ಮೂರು ಸಲ ಕಟ್ಟಿದೆ, ಮೂರು ಸಲವೂ ಜಾರಿ ಕುತ್ತಿಗೆಗೆ ಬಂತು. ಹುಡುಗಿ ಕನ್ನಡಿ ನೋಡಿಕೊಂಡು ಸದ್ದಿಲ್ಲದೆ ಅಳತೊಡಗಿದಳು. ಅವಳ ತಾಯಿ ಗಂಗಲಕ್ಷ್ಮಮ್ಮನವರು ಒಳಗೆ ಬಂದು, ಮಗಳನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು.

"ಶಾಂತಮ್ಮಾರೇ, ಫಹ್ಮಿದಾ ಎಲ್ಲಿ? ನಾವು ಹೇಳಿದ್ದು ಆ ಹುಡುಗಿ ಕೈಗೆ. ನಿಮ್ಗೆ ಬರಲ್ಲ ಅಂತ ಊರಿಗೆಲ್ಲಾ ಗೊತ್ತಲ್ವಾ."

ಸಭಿಕರೇ, ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡಿದ್ದವಳು ನಾನೊಬ್ಬಳೇ.

ಆಟೊ ಹಿಡಿದು ಶಿವಾಜಿನಗರಕ್ಕೆ ಓಡಿದೆ. ಬಾಗಿಲು ತೆರೆದದ್ದು ಫಹ್ಮಿದಾರ ತಾಯಿ ಜಹನಾರಾ ಅವರು. ಮನೆಗೆ ಬಂದವರು ಚಹಾ ಕುಡಿಯದೆ ಹೋಗುವಂತಿಲ್ಲ ಎಂದು ಕೂರಿಸಿದರು. ಅತ್ತ ಮದುಮಗಳು ಅಳುತ್ತಿದ್ದಾಳೆ, ಇತ್ತ ಹಾಲು ಉಕ್ಕುತ್ತಿಲ್ಲ. ನಾನು ತಪ್ಪಾಯಿತು ಎಂದೆ. ಅದೊಂದು ಮಾತು ಹೇಳಲು ಐದು ವರ್ಷ ಬೇಕಾಯಿತು.

ಫಹ್ಮಿದಾ ಬುರ್ಖಾ ಹಾಕಿಕೊಳ್ಳುತ್ತಾ, "ಬರ್ತೀನಿ ಮೇಡಂ. ಆದ್ರೆ ಇವತ್ತು ನೀವು ನನ್ ಹೆಲ್ಪರ್" ಎಂದರು.

ಎರಡು ಗಂಟೆ ಕಾಲ, ಮುನಿವೆಂಕಟಪ್ಪನವರ ನೆಂಟರಿಷ್ಟರೆಲ್ಲ ಇಣುಕಿ ನೋಡುತ್ತಿದ್ದಂತೆ, ನಾನು ಪಿನ್ ಒಂದೊಂದಾಗಿ ಕೊಡುತ್ತಾ ನಿಂತೆ. ಏಳಕ್ಕೆ ದಿವ್ಯ ವೇದಿಕೆ ಹತ್ತಿದಾಗ ವಾಲಗದವರೂ ಒಂದು ಕ್ಷಣ ನಿಲ್ಲಿಸಿದರು. ಎಲ್ಲ ಸರಿಹೋಯಿತು ಎಂಬ ಖುಷಿಯಲ್ಲಿ, ನಾಳೆ ಬೆಳಿಗ್ಗೆ ಬೇಗ ಬಾ ಎಂದೆ.

"ಇಲ್ಲ ಮೇಡಂ. ಇವತ್ತು ಬಂದಿದ್ದು ದಿವ್ಯಕ್ಕಂಗೋಸ್ಕರ" ಎಂದರು ಫಹ್ಮಿದಾ.

ಪಾರ್ಲರಿಗೆ ಹೋಗಿ ಆಲ್ಬಮ್ ತೆಗೆದು ಪ್ರತಿ ಫೋಟೊದ ಕೆಳಗೂ ಹೆಸರು ತಿದ್ದಿದೆ. ನನ್ನ ಹೆಸರಿಗೆ ಉಳಿದದ್ದು ಒಂದೇ ಫೋಟೊ. ಅದು ನನ್ನ ಮದುವೆಯದು.

ಅವರು ಹಲಸೂರಿನಲ್ಲಿ ಸ್ವಂತ ಪಾರ್ಲರ್ ಇಟ್ಟರು. ಒಂದು ಸಂಜೆ ಬೇಗ ಬೀಗ ಹಾಕಿ ಅಲ್ಲಿಗೆ ಹೋಗಿ, ನನಗೆ ಕೆಲಸ ಕಲಿಸುತ್ತೀರಾ ಎಂದು ಕೇಳಿದೆ. ಆಗ ನನಗೆ ನಲವತ್ತೆರಡು. ಅವರು ನಗಲಿಲ್ಲ. ಒಂದು ವರ್ಷ ಕಲಿಸಿದರು, ಒಂದನ್ನೂ ಬಚ್ಚಿಡದೆ. ನನ್ನ ಕೈಯ ನಡುಕ ನಿಂತದ್ದು ಅವರ ಹುಬ್ಬಿನ ಮೇಲೆ. ಅಧ್ಯಕ್ಷರ ಬಲಹುಬ್ಬಿನ ಹತ್ತಿರ ಒಂದು ಸಣ್ಣ ಗಾಯದ ಗುರುತಿದೆ. ಅದು ನನ್ನ ವಿದ್ಯಾಭ್ಯಾಸ.

ಈಗ ನನ್ನಲ್ಲಿಗೆ ಬಂದ ಹುಡುಗಿಯರಿಗೆಲ್ಲ ಪೂರ್ತಿ ಕಲಿಸುತ್ತೇನೆ. ಅದರಿಂದ ಅವರು ಉಳಿದರೇ? ಎಲ್ಲಿ ಉಳಿದರು? ಮೊದಲು ಎರಡು ವರ್ಷಕ್ಕೆ ಹೋಗುತ್ತಿದ್ದವರು ಈಗ ಒಂದೂವರೆ ವರ್ಷಕ್ಕೆ ಹೋಗುತ್ತಾರೆ. ಈಗ ನನ್ನಲ್ಲಿ ಉಳಿದಿದ್ದ ಒಬ್ಬಳೇ ಹುಡುಗಿ ರಮ್ಯಶ್ರೀ ಇವತ್ತು ಬೆಳಿಗ್ಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಸನ್ಮಾನಕ್ಕೆ ಎಂದುಕೊಂಡು ಹರಸಿದೆ. ಅಲ್ಲ, ಮೂವತ್ತೈದನೆಯವಳಾಗಿ ಹೊರಟಿದ್ದಳು. ಎಲ್ಲಿ ಅಂಗಡಿ ಎಂದು ಕೇಳಿದೆ.

"ನಿಮ್ ಎದುರುಗಡೇನೇ ಮೇಡಂ. ಏನಾದ್ರೂ ಡೌಟ್ ಬಂದ್ರೆ ಕೇಳೋಕೆ ಹತ್ರ ಆಗುತ್ತೆ."

ಬಯ್ಯಬೇಕೆಂದು ಬಾಯಿ ತೆರೆದೆ. ಆದರೆ ಆ ಹುಡುಗಿ ನಿಜವಾಗಿಯೂ ಹಾಗೇ ನಂಬಿದ್ದಳು. ಕಾರ್ಯಕ್ರಮಕ್ಕೆ ಬರುವ ಮುನ್ನ ಹೋಗಿ ಜಾಗ ನೋಡಿದೆ. ವಾಶ್‌ಬೇಸಿನ್ ತಪ್ಪು ಮೂಲೆಯಲ್ಲಿ ಇಡಿಸಿದ್ದಾಳೆ, ಬದಲಾಯಿಸು ಎಂದಿದ್ದೇನೆ. ಶುಕ್ರವಾರ ಹತ್ತೂವರೆಗೆ ಉದ್ಘಾಟನೆ, ಟೇಪು ಕತ್ತರಿಸುವವಳು ನಾನು. ಎಲ್ಲರೂ ದಯಮಾಡಿಸಬೇಕು.

ಕೆಲಸದವರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಬಲ್ಲವರು ಯಾರಾದರೂ ಇದ್ದರೆ ಊಟದ ಹಾಲ್‌ನಲ್ಲಿ ನನಗೆ ಸಿಗಬೇಕು. ಶನಿವಾರದಿಂದ ನನ್ನ ಹತ್ತಿರ ಜನ ಇಲ್ಲ. ಇಷ್ಟು ಹೊತ್ತು ಕೇಳಿದ ನಿಮಗೂ, ಚೀಟಿ ಕಳಿಸಿ ನಿಲ್ಲಿಸಬಹುದಾಗಿದ್ದರೂ ನಿಲ್ಲಿಸದ ಅಧ್ಯಕ್ಷರಿಗೂ ಧನ್ಯವಾದ ಹೇಳಿ ಕೂರುತ್ತೇನೆ. ನಮಸ್ಕಾರ.