ಮೌಸ್‌ಗೆ ಬಾರದ ಸರದಿ

ತಲೆಗೆ ಪೆಟ್ಟು ಬಿದ್ದ ಗಂಡನನ್ನು ಆಗಲೇ ಆಪರೇಷನ್ ಕೋಣೆಗೆ ಒಯ್ದಿದ್ದರು. ಹೊಲಿಗೆ ಕೆಲಸದ ಹೆಂಗಸು ಅವನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಸ್ಕ್ಯಾನ್ ಕೋಣೆಯ ಹೊರಗೆ ಕೂತಿದ್ದಳು. ಅರ್ಧ ತೆರೆದ ಬಾಗಿಲಿನಿಂದ ಸ್ಕ್ಯಾನ್ ಆಪರೇಟರನ ಮಾತೂ, ಆಗಷ್ಟೇ ಓಡಿಬಂದ ಕಂಪ್ಯೂಟರ್ ರಿಪೇರಿಯವಳ ಮಾತೂ ಕೇಳಿಸುತ್ತಿದ್ದವು.

"ಮೌಸ್‌ನ ಬಾಣ ಅಲ್ಲಾಡ್ತಾನೇ ಇಲ್ಲ ಅಕ್ಕಾ. ಸ್ಕ್ಯಾನ್ ಚಿತ್ರ ಕಳಿಸು ಅಂತ ಡಾಕ್ಟರು ಮೂರು ಸಲ ಫೋನ್ ಮಾಡಿದ್ರು."

"ಆಫ್ ಮಾಡಿಲ್ಲ ತಾನೇ?"

"ಇಲ್ಲ. ಚಿತ್ರ ಇನ್ನೂ ಸೇವ್ ಆಗಿಲ್ಲ."

"ಸದ್ಯ, ಬದುಕಿದ್ವಿ. ತಡಿ, ಕೀಬೋರ್ಡಿಂದಲೇ ಏನೇನು ನಡೀತಿದೆ ಅಂತ ಪಟ್ಟಿ ತೆರೀಲಿ... ಇಲ್ನೋಡು. ಹಳೇ ಸ್ಕ್ಯಾನ್‌ಗಳನ್ನ ಜಿಪ್ ಮಾಡಿ ಚಿಕ್ಕದಾಗಿಸೋ ಕೆಲಸಕ್ಕೆ ಎಲ್ಲಕ್ಕಿಂತ ಮೇಲಿನ ಪ್ರಯಾರಿಟಿ ಕೊಟ್ಟಿದೆ. ಪ್ರೊಸೆಸರ್ ಪೂರ್ತಿ ಅದೇ ನುಂಗ್ತಿದೆ, ನಿನ್ನ ಮೌಸ್‌ಗೆ ಸರದಿನೇ ಬರ್ತಿಲ್ಲ. ಯಾರು ಹೀಗೆ ಮಾಡಿದ್ದು?"



"ನಾನೇ. ಊಟದ ಹೊತ್ತಿಗೆ ಮುಗೀಲಿ ಅಂತ."

"ಬೈಯೋಕೂ ಪುರುಸೊತ್ತಿಲ್ಲ ಈಗ. ಅದನ್ನ ಕೆಳಕ್ಕೆ ಇಳಿಸ್ತೀನಿ."

"ಆ ಯಜಮಾನ್ರಿಗೆ ಏನಾದ್ರೂ ಆದ್ರೆ..."

"ಬಾಯ್ಮುಚ್ಚು. ಮೌಸ್ ಅಲ್ಲಾಡಿಸು."

"ಬಂತು! ಅಕ್ಕಾ, ಬಂತು!"

"ಕುಣೀಬೇಡ, ಮೊದಲು ಕಳಿಸು."

ಹೊರಗೆ ಕೂತವಳು ಬಾಗಿಲ ಕಡೆಗೆ ವಾಲಿದಳು. ಫೋನ್ ಹೊಡೆದುಕೊಂಡಿತು.

"ತಲುಪ್ತಾ ಸಾರ್? ಆಪರೇಷನ್ ಶುರು ಮಾಡಿದ್ರಾ? ಸರಿ ಸಾರ್, ಸರಿ."

ಇಬ್ಬರೂ ಹೊರಬಂದರು. ಬೆಂಚಿನ ಮೇಲಿದ್ದವಳನ್ನು ಕಂಡು ಆಪರೇಟರನ ಮುಖ ಬಿಳಿಚಿಕೊಂಡಿತು.

"ಅಮ್ಮಾ... ಒಳಗಿನ ಮಾತು ಎಲ್ಲಾ ಕೇಳಿಸ್ತಾ?"

"ಚಿತ್ರ ತಲುಪಿದ್ದು ಕೇಳಿಸ್ತಪ್ಪ," ಎಂದಳು ಅವಳು. "ನನಗೆ ಅಷ್ಟು ಸಾಕು."

ಅವನು ಕೈ ಮುಗಿದ. ರಿಪೇರಿಯವಳು ಅವನ ತೋಳು ಹಿಡಿದು ಮೆಲ್ಲನೆ ಕರೆದುಕೊಂಡು ಹೋದಳು.