ಇಬ್ಬರಿಗೆ ಮಾತ್ರ ಹೇಳಿದ ಮಾತು

ಅಧ್ಯಕ್ಷರಾದ ಆಡಳಿತಾಧಿಕಾರಿಗಳೇ, ಮುಖ್ಯ ಅತಿಥಿಗಳಾದ ದೊಡ್ಡ ಡಾಕ್ಟರೇ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ನನ್ನ ಗೆಳೆಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ನನ್ನ ಬೀಳ್ಕೊಡುಗೆಗೆ ಇಷ್ಟು ಜನ ಬಂದಿದ್ದೀರಿ. ಸಂತೋಷ. ಆದರೆ ನಾನು ಕೆಲಸ ಬಿಡುತ್ತೇನೆಂದು ನಿಮಗೆ ಹೇಳಿದವರು ಯಾರು? ನಾನಂತೂ ಹೇಳಿಲ್ಲ.

ನಡೆದದ್ದು ಇಷ್ಟು. ಹೋದ ತಿಂಗಳು ಒದ್ದೆ ಚಾದರಗಳ ಗಾಡಿ ತಳ್ಳುವಾಗ ಸೊಂಟ ಹಿಡಿಯಿತು. "ಸಾಕಪ್ಪಾ ಈ ಕೆಲಸ" ಎಂದೆ. ಪಕ್ಕದಲ್ಲಿ ಇದ್ದವರು ಇಬ್ಬರೇ, ಇಸ್ತ್ರಿ ಅಕ್ಕ ಮತ್ತು ಲಿಫ್ಟಿನ ಅಣ್ಣ. ಇಬ್ಬರೂ ಒಳ್ಳೆಯವರು. ಒಬ್ಬೊಬ್ಬರೂ ಇಬ್ಬಿಬ್ಬರಿಗೆ ಮಾತ್ರ ಹೇಳಿದರು. ಅದೂ "ಯಾರಿಗೂ ಹೇಳ್ಬೇಡಿ" ಎಂದೇ ಹೇಳಿದರು. ಕೇಳಿದವರೂ ಹಾಗೆಯೇ ಮಾಡಿದರು.

ಇಬ್ಬರೆಂದರೆ ಏನು ಮಹಾ, ಅಲ್ಲವೇ? ಚಾದರ ಮಡಚುವ ನಮ್ಮನ್ನು ಕೇಳಿ. ಒಮ್ಮೆ ಮಡಚಿದರೆ ಎರಡು ಪದರ, ಮತ್ತೆ ಮಡಚಿದರೆ ನಾಲ್ಕು, ಆಮೇಲೆ ಎಂಟು, ಹದಿನಾರು. ಐದನೆಯ ಸಲಕ್ಕೆ ದಿಂಬಿನಂತೆ ಉಬ್ಬಿ ತಾನೇ ಬಿಚ್ಚಿಕೊಳ್ಳುತ್ತದೆ. ಚಾದರಕ್ಕೆ ಅಷ್ಟಾದರೂ ನಾಚಿಕೆಯಿದೆ, ಮಾತಿಗೆ ಇಲ್ಲ. ಎಂಟನೆಯ ಸುತ್ತು ಮುಗಿದಾಗ ಲೆಕ್ಕದ ಪ್ರಕಾರ ಐನೂರಹತ್ತು ಜನಕ್ಕೆ ಗೊತ್ತಾಗಿತ್ತು. ನಮ್ಮ ಆಸ್ಪತ್ರೆಯಲ್ಲಿ ಅಷ್ಟು ಸಿಬ್ಬಂದಿಯೇ ಇಲ್ಲ. ಉಳಿದವರು ರೋಗಿಗಳಿರಬೇಕು.

ನಾನು ಸುಮ್ಮನೆ ಕೂತೆನೇ? ದಿನಕ್ಕೊಬ್ಬರನ್ನು ಹಿಡಿದು "ನಾನೆಲ್ಲೂ ಹೋಗಲ್ಲ ಕಣ್ರೀ" ಎಂದೆ. ನಾನು ಒಂದೊಂದೇ ಕೂಡಿಸುತ್ತಿದ್ದೆ, ಆ ಮಾತು ಇಮ್ಮಡಿಯಾಗುತ್ತಿತ್ತು. ಕೊನೆಗೆ ಅಧ್ಯಕ್ಷರಿಗೇ ಹೇಳಿದೆ. "ಎಂಥಾ ವಿನಯ ರೀ ನಿಮ್ದು" ಎಂದು ಬೆನ್ನು ತಟ್ಟಿದರು. ಸೋಮವಾರ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವ ಆದೇಶಕ್ಕೆ ಅವರ ಸಹಿ ಬೀಳಲಿದೆ.

ಕೆಲಸ ಹೋದರೆ ಸಂಬಳ ಹೋಗುತ್ತದೆ, ಅದಿರಲಿ. ಚಾದರ ಮಡಚಲು ಇಬ್ಬರು ಬೇಕು. ನನ್ನವಳು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ಮನೆಯ ಚಾದರವನ್ನೂ ಇಲ್ಲಿಗೇ ತಂದು ಮಡಚಿಸಿಕೊಂಡು ಹೋಗುತ್ತೇನೆ. ಇದನ್ನು ಹೇಳಬೇಕೆಂದಿರಲಿಲ್ಲ. ಅಧಿಕಾರಿಗಳು ಕ್ಷಮಿಸಬೇಕು.

ನಾನು ಕೆಲಸ ಬಿಡಲ್ಲ ಎಂದು ಮೈಕಿನಲ್ಲಿ ಹೇಳಿದರೆ ಅದನ್ನೂ ವಿನಯ ಎನ್ನುತ್ತೀರಿ. ಗುಟ್ಟೆಂದರೆ ನಂಬುತ್ತೀರಿ. ಅದಕ್ಕೇ ವೇದಿಕೆ ಹತ್ತುವ ಮುಂಚೆ, ಹಿಂದಿನ ಸಾಲಿನಲ್ಲಿದ್ದ ಅಕ್ಕನಿಗೂ ಅಣ್ಣನಿಗೂ ಕಿವಿಯಲ್ಲಿ ಒಂದು ಮಾತು ಹೇಳಿದೆ. "ಯಾರಿಗೂ ಹೇಳ್ಬೇಡಿ" ಎಂದೂ ಹೇಳಿದೆ.

ನಾನು ಸೊಂಟದ ವಿಷಯ ಹೇಳುವಾಗ ಹಿಂದಿನ ಸಾಲಿನ ತಲೆಗಳು ಬಾಗಿದವು. ಚಾದರದ ವಿಷಯಕ್ಕೆ ನಡುವಿನ ಸಾಲಿನವು. ಈಗ ಗುಮಾಸ್ತರು ಮೆಟ್ಟಿಲು ಹತ್ತಿ ಬಂದು ಡಾಕ್ಟರ ಕಿವಿಗೆ ಬಾಗಿದ್ದಾರೆ. ಡಾಕ್ಟರು ಅಧ್ಯಕ್ಷರ ಕಡೆಗೆ ವಾಲಿದ್ದಾರೆ. ಸ್ವಲ್ಪ ತಾಳಿ.

ಹೌದು ಸಾರ್, ಅವರು ಹೇಳಿದ್ದು ನಿಜ. ಸೋಮವಾರ ಗಾಡಿ ತಳ್ಳಲು ನಾನೇ ಬರುತ್ತೇನೆ.

ತಲೆಯಾಡಿಸಿದ್ದಕ್ಕೆ ಅಧ್ಯಕ್ಷರಿಗೆ ನಾನು ಋಣಿ. ಈ ಗಡಿಯಾರ ಕೊಟ್ಟವರಿಗೆ ವಂದನೆ, ಅದನ್ನು ನಮ್ಮ ವಿಭಾಗದ ಗೋಡೆಗೇ ಹಾಕೋಣ. ಗುಟ್ಟು ಉಳಿಸಿಕೊಳ್ಳಲಾರದ ಆ ಇಬ್ಬರಿಗೆ ವಿಶೇಷ ವಂದನೆ. ಅಕ್ಕಾ, ಸೋಮವಾರ ಮನೆಯ ಚಾದರ ತರುತ್ತೇನೆ, ಇನ್ನೊಂದು ತುದಿ ಹಿಡಿದುಕೋ.

ನಮಸ್ಕಾರ.